ಮೊದಲ ಗಂಟು

"ಏಯ್, ಅಲ್ಲೇ ನಿಂತ್ಕೋ. ಮೆಟ್ಲು ಹತ್ತಬೇಡ, ಈಗಷ್ಟೇ ಒರೆಸಿದಾರೆ."

ಹಗ್ಗದಕ್ಕ ಮೊದಲ ಮೆಟ್ಟಿಲ ಮೇಲಿಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದಳು. ಪೊಲೀಸ್ ಠಾಣೆಯ ಬಾಗಿಲಲ್ಲಿ ಪೇದೆ ಬೆಂಚಿನ ಮೇಲೆ ಕೂತು ತನ್ನ ಬೂಟಿಗೆ ಪಾಲಿಶ್ ತಿಕ್ಕುತ್ತಿದ್ದ. ಆ ಬೂಟಿನ ತೊಗಲು ಯಾವ ಪ್ರಾಣಿಯದು, ಅದನ್ನು ಸುಲಿದ ಕೈ ಯಾರದು ಎಂದು ಆ ಪುಣ್ಯಾತ್ಮ ಹುಟ್ಟಿದಾಗಿನಿಂದ ಯೋಚಿಸಿರಲಿಕ್ಕಿಲ್ಲ.

"ಊಟ ತಂದಿದೀನಿ ಸಾಮಿ. ಕೊಟ್ಟು ಹೋಗ್ತೀನಿ."

"ಕೆಳಗಿಡು."

"ಕೆಳಗಿಟ್ರೆ ನಾಯಿ ಬಾಯಿ ಹಾಕುತ್ತೆ."

"ಹಾಕ್ಲಿ ಬಿಡು. ಉಳಿದಿದ್ದನ್ನ ನಿನ್ನ ಗಂಡ ತಿಂತಾನೆ. ನಿಮಗೇನು ಹೊಸದಾ?"

ಹಗ್ಗದಕ್ಕ ಡಬ್ಬಿಯನ್ನು ಕೆಳಗಿಡಲಿಲ್ಲ. ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ನಿಂತಳು. ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಹೊರಗೆ ಬಂದ. ಅವತ್ತು ಹೊಸ ವಿಮಾನ ನಿಲ್ದಾಣದ ಉದ್ಘಾಟನೆ, ಮೊದಲ ವಿಮಾನದಲ್ಲಿ ಮಂತ್ರಿಗಳೇ ಬಂದು ಇಳಿಯುವವರಿದ್ದರು. ಇಸ್ತ್ರಿ ಮಾಡಿದ ಅಂಗಿ ಸುಕ್ಕಾದೀತೆಂದು ಇನ್‌ಸ್ಪೆಕ್ಟರ್ ಕೈ ಮಡಚದೆ ನಿಂತಿದ್ದ.

"ಮತ್ತೆ ಬಂದ್ಯಾ? ಹೇಳಿದ್ನಲ್ಲ, ಕಾರ್ಯಕ್ರಮ ಮುಗೀಲಿ, ಆಮೇಲೆ ನೋಡೋಣ ಅಂತ."

"ಅವನೇನು ತಪ್ಪು ಮಾಡಿದಾನೆ ಸಾಮಿ? ನೀವೇ ಕರೆಸಿದ್ರಿ, ಬಂದು ದನ ಎಳೆದ."

"ತಪ್ಪೇನಾ? ವಿಮಾನಕ್ಕೆ ಹದ್ದು ಬಿಟ್ಟಿದಾನೆ ಕಣೇ ನಿನ್ನ ಗಂಡ."

"ಹದ್ದನ್ನ ಅವನು ಸಾಕಿದ್ನಾ?"

ಪೇದೆ ಕಿಸಕ್ಕೆಂದು ನಕ್ಕ. ಇನ್‌ಸ್ಪೆಕ್ಟರ್ ನಗಲಿಲ್ಲ. "ಬಾಯಿ ಮುಚ್ಚೇ ಲೌಡಿ. ಇನ್ನೊಂದು ಮಾತಾಡಿದ್ರೆ ನಿನ್ನನ್ನೂ ಒಳಗೆ ಹಾಕ್ತೀನಿ. ನಡಿ, ವಾಸನೆ."

ಒಳಗಿನ ಕೋಣೆಯಿಂದ ಗಂಡ ಉದ್ದಣ್ಣನ ದನಿ ಕೇಳಿಸಿತು. "ಮನೆಗೆ ಹೋಗು." ತುಟಿ ಊದಿಕೊಂಡವನ ಮಾತಿನಂತೆ ಅದು ತೊದಲುತ್ತಿತ್ತು. ಹೊಡೆದಿದ್ದಾರೆ ಎಂದುಕೊಂಡಳು ಹಗ್ಗದಕ್ಕ, ಹೊಡೆಯದೆ ಬಿಡುವವರೇ ಈ ನನ್ಮಕ್ಕಳು ಎಂದುಕೊಂಡಳು, ಡಬ್ಬಿಯನ್ನು ಎದೆಗೆ ಇನ್ನಷ್ಟು ಒತ್ತಿಕೊಂಡು ತಿರುಗಿದಳು.

ನಡೆದದ್ದು ಇಷ್ಟು. ಹಗ್ಗದಕ್ಕನ ಕೇರಿಯವರು ಸತ್ತ ದನ ಎತ್ತಿ, ಸುಲಿದು, ತೊಗಲು ಮಾರಿ ಬದುಕುವವರು. ಹಗ್ಗ ಹೊಸೆಯುವುದು ಹೆಂಗಸರ ಕೆಲಸ. ಇವಳು ಹೊಸೆದ ಹಗ್ಗ ಎಂಥ ಕೋಣ ಎಳೆದರೂ ಹರಿಯುವುದಿಲ್ಲ, ಅದಕ್ಕೇ ಆ ಹೆಸರು. ಸುಲಿಯುವುದಕ್ಕೆಂದು ಊರಾಚೆ ಒಂದು ಬಯಲಿತ್ತು. ಸಣ್ಣ ಊರುಗಳಿಗೂ ವಿಮಾನ ಇಳಿಸಬೇಕೆಂಬ ಮನಸ್ಸು ಸರ್ಕಾರಕ್ಕೆ ಬಂತು ನೋಡಿ, ಇಳಿಸಲಿಕ್ಕೆ ಅವರಿಗೆ ಕಂಡದ್ದು ಅದೇ ಬಯಲು. ನಿಮಗೆ ಬೇರೆ ಜಾಗ ತೋರಿಸುತ್ತೇವೆ ಎಂದು ಹೇಳಿ ಹೋದವರು ಮತ್ತೆ ಮುಖ ತೋರಿಸಲಿಲ್ಲ. ಆಮೇಲೆ ನಿಲ್ದಾಣಕ್ಕೆ ರಸ್ತೆ ಬಂತು. ಊರ ಕೊಟ್ಟಿಗೆಗಳು ರಸ್ತೆಯ ಈಚೆ, ಹುಲ್ಲು ಇರುವುದು ಆಚೆ. ಇಕ್ಕೆಲದಲ್ಲೂ ಸುರಕ್ಷತೆಯ ಬೋರ್ಡು ನೆಟ್ಟರು, ನಿಧಾನವಾಗಿ ಚಲಿಸಿ, ಮನೆಯಲ್ಲಿ ನಿಮ್ಮವರು ಕಾಯುತ್ತಿದ್ದಾರೆ ಎಂದು. ದನಗಳಿಗೆ ಓದಲು ಬರುವುದಿಲ್ಲ, ಲಾರಿಯವರಿಗೆ ಓದಲು ಪುರುಸೊತ್ತಿಲ್ಲ. ರಸ್ತೆ ಬಂದಾಗಿನಿಂದ ಕೇರಿಯವರಿಗೆ ಕೈತುಂಬ ಕೆಲಸ. ಸುಲಿಯಲು ಮಾತ್ರ ಜಾಗವಿಲ್ಲ.

ಮೊನ್ನೆ ಒಂದು ಎತ್ತು ಲಾರಿಗೆ ಸಿಕ್ಕಿ ಸತ್ತಿತು. ನಿಲ್ದಾಣದ ಮ್ಯಾನೇಜರನೇ ಆಳು ಕಳಿಸಿದ, ಪರೀಕ್ಷೆಯ ವಿಮಾನ ಇಳಿಯುವುದಿದೆ, ಬೇಗ ಎತ್ತಿ ಎಂದು. ಆ ಎತ್ತು ಹಗ್ಗದಕ್ಕನ ಮೈದುನ ಚಿಕ್ಕೋನ ಸರದಿಯದು. ಅಣ್ಣ ಎಂದು ಉದ್ದಣ್ಣ ಜೊತೆಗೆ ಹೋದ. ಎಳೆದು ಒಯ್ಯುವುದೆಲ್ಲಿಗೆ? ರಸ್ತೆಯ ಪಕ್ಕದ ತಗ್ಗಿನಲ್ಲೇ ಸುಲಿದರು. ಹದ್ದುಗಳು ಬಂದವು. ಒಂದು ಹದ್ದು ಇಳಿಯುತ್ತಿದ್ದ ವಿಮಾನಕ್ಕೆ ಬಡಿದು ಗಾಜು ಬಿರುಕು ಬಿಟ್ಟಿತು. ಮನುಷ್ಯರಿಗೆ ಏನೂ ಆಗಲಿಲ್ಲ. ಸಂಜೆ ಪೊಲೀಸರು ಕೇರಿಗೆ ಬಂದು ಸುಲಿದವನು ಯಾರು ಎಂದು ಕೇಳಿದಾಗ ಉದ್ದಣ್ಣ ತಮ್ಮನನ್ನು ಹಿಂದಕ್ಕೆ ತಳ್ಳಿ ತಾನು ಮುಂದೆ ನಿಂತ. ಚಿಕ್ಕೋನಿಗೆ ಸಣ್ಣ ಮಕ್ಕಳು.

ಹಗ್ಗದಕ್ಕ ಕೇರಿ ಮುಟ್ಟಿದಾಗ ಬಿಳಿ ಕಾರೊಂದು ಅವಳ ಮನೆಯ ಮುಂದೆಯೇ ನಿಂತಿತ್ತು. ಮ್ಯಾನೇಜರ್ ಕಾರಿನಿಂದ ಇಳಿಯದೆ, ಕಿಟಕಿಯ ಗಾಜನ್ನು ನಾಲ್ಕು ಬೆರಳು ಇಳಿಸಿ, ಆ ಸಂದಿಯಿಂದ ಮಾತಾಡುತ್ತಿದ್ದ. ಕೇರಿಯ ಗಂಡಸರು ಕೈಕಟ್ಟಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅತ್ತೆ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿದ್ದಳು.

"ಎಮ್ಮೆ ಬಿದ್ದಿದೆಯಂತೆ ಕಣೇ," ಎಂದಳು ಅತ್ತೆ. "ರನ್‌ವೇ ಗೋಡೆ ಪಕ್ಕಕ್ಕೆ. ಸಮಾರಂಭಕ್ಕೆ ಹೂವಿನ ಕುಂಡ ತರ್ತಿದ್ದ ಲಾರಿ ಗುದ್ದಿದ್ದಂತೆ. ಬೆಳಿಗ್ಗಿಂದ ಬಿದ್ದಿದೆ. ಕುಂಡ ಮಾತ್ರ ಆಗಲೇ ಎತ್ತಿಟ್ಟಿದಾರೆ."

"ಬೇಗ ಬನ್ರಪ್ಪಾ," ಎನ್ನುತ್ತಿದ್ದ ಮ್ಯಾನೇಜರ್. ಅವನು ಒರಟನಲ್ಲ, ಬೆಣ್ಣೆಯಂಥ ಮಾತಿನವನು. "ಹದ್ದು ಸೇರ್ಕೊಳ್ತಿದಾವೆ. ಇನ್ನೇನು ವಿಮಾನ ಬಂದುಬಿಡುತ್ತೆ. ಆಮೇಲೆ ನಿಮ್ಮ ಹುಡುಗರಿಗೆ ನಮ್ಮಲ್ಲೇ ಕೆಲಸ ಕೊಡಿಸ್ತೀನಿ, ಹದ್ದು ಓಡಿಸೋದು. ಆಯ್ತಾ?"

"ಸರದಿ ಉದ್ದಣ್ಣಂದು ಸಾರ್," ಎಂದ ಗುಂಪಿನ ಹಿರಿಯ.

"ಯಾರದ್ದಾದ್ರೇನ್ರಿ? ನೀವು ಇಷ್ಟು ಜನ ಇದೀರಲ್ಲ."

ಇದು ಹೊರಗಿನವರಿಗೆ ತಿಳಿಯದ ಮಾತು. ಒಂದು ಕಾಲಕ್ಕೆ ಒಂದು ತೊಗಲಿಗಾಗಿ ಒಡಹುಟ್ಟಿದವರೇ ಚೂರಿ ಎತ್ತಿದ್ದರಂತೆ ಆ ಕೇರಿಯಲ್ಲಿ. ಅಂದಿನಿಂದ ಬಿದ್ದ ದನಕ್ಕೆ ಮನೆಮನೆಯ ಸರದಿ. ಯಾರ ಮನೆಯ ಸರದಿಯೋ ಆ ಮನೆಯ ಯಜಮಾನ ಬಂದು ಹಿಂಗಾಲಿಗೆ ಮೊದಲ ಗಂಟು ಹಾಕಬೇಕು. ಆ ಗಂಟು ಬೀಳುವವರೆಗೆ ದನ ಯಾರದ್ದೂ ಅಲ್ಲ, ಯಾರೂ ಮುಟ್ಟುವಂತಿಲ್ಲ. ಬಿದ್ದ ಮೇಲೆ ಅದು ಆ ಮನೆಯದು. ಅತ್ತೆಯ ಗಂಡ ಜ್ವರದಲ್ಲಿ ಮಲಗಿದ್ದಾಗ ಮಂಚದ ಸಮೇತ ಹೊತ್ತು ತಂದು ಅವನ ಕೈಯಿಂದ ಗಂಟು ಹಾಕಿಸಿದ್ದರು. ಯಜಮಾನ ಸತ್ತರೆ ಮಾತ್ರ ಹೆಂಡತಿ ಹಾಕುತ್ತಾಳೆ.

"ಅವನನ್ನ ಬಿಡಿಸಿ ಕರ್ಕೊಂಡು ಬನ್ನಿ," ಎಂದಳು ಹಗ್ಗದಕ್ಕ. "ಬಂದು ಗಂಟು ಹಾಕ್ತಾನೆ, ಎಳ್ಕೊಂಡು ಹೋಗ್ತೀವಿ."

"ಅದು ಪೊಲೀಸ್ ವಿಷಯ ತಾಯಿ. ನನ್ನ ಕೈಲಿಲ್ಲ."

"ದನದ ವಿಷಯ ನನ್ನ ಕೈಲಿಲ್ಲ ಸಾರ್."

ಮ್ಯಾನೇಜರ್ ಗಾಜು ಏರಿಸಿದ. ಕಾರು ಧೂಳೆಬ್ಬಿಸಿಕೊಂಡು ಹೋಯಿತು. ಹೋದ ಮೇಲೆ ಗಂಡಸರ ನಡುವೆ ಗುಸುಗುಸು ಎದ್ದಿತು. ಆಮೇಲೆ ಮೈಮೇಲೆ ಬೀಳುತ್ತಾರೆ, ಕೇರಿಗೆ ಕೇರಿಯನ್ನೇ ಕೆಡವುತ್ತಾರೆ ಎಂದು ಒಬ್ಬ. ಒಂದು ಸಲ ಸರದಿ ತಪ್ಪಿದರೆ ಆಕಾಶ ಕಳಚಿ ಬೀಳುತ್ತದೆಯೇ ಎಂದು ಇನ್ನೊಬ್ಬ. ಹಗ್ಗದಕ್ಕ ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಹಗ್ಗದ ಸುರುಳಿ ಹೆಗಲಿಗೇರಿಸಿದಳು, ಗಂಡನ ಚೂರಿಗಳನ್ನು ಗೋಣಿತಾಟಿನಲ್ಲಿ ಸುತ್ತಿಕೊಂಡಳು.

"ನೀನು ಎಲ್ಲಿಗೆ?" ಎಂದಳು ಅತ್ತೆ.

"ಎಮ್ಮೆ ಹತ್ರ ಹೋಗಿ ಕೂರ್ತೀನಿ. ಅವನು ಬರೋವರೆಗೂ ಬೇರೆ ಯಾರೂ ಮುಟ್ಟಬಾರದಲ್ಲ."

"ತಡಿ, ನಾನೂ ಬರ್ತೀನಿ. ಕೈ ಕೊಡು, ಏಳಕ್ಕಾಗಲ್ಲ." ಮುದುಕಿ ಎದ್ದಳು. ಮುದುಕಿ ಎದ್ದ ಮೇಲೆ ಗಂಡಸರು ಮನೆಯಲ್ಲಿ ಹೇಗೆ ಕೂತಾರು? ಗೊಣಗಿಕೊಂಡೇ ಹಿಂದೆ ಬಂದರು.

ಎಮ್ಮೆ ಗೋಡೆಯ ಪಕ್ಕ ರಸ್ತೆಗೆ ಅಡ್ಡಲಾಗಿ ಬಿದ್ದಿತ್ತು. ಬಿಸಿಲಿಗೆ ಹೊಟ್ಟೆ ಉಬ್ಬಿ ಕಾಲುಗಳು ಸೆಟೆದಿದ್ದವು. ಮೇಲೆ ಹದ್ದುಗಳು ಸುತ್ತುತ್ತಿದ್ದವು. ಗೋಡೆಯಾಚೆ ಯಾರೋ ಪಟಾಕಿ ಹಚ್ಚಿ ಎಸೆಯುತ್ತಿದ್ದರು. ಢಂ ಎಂದಾಗ ಹದ್ದುಗಳು ಮೇಲೇರಿ, ಹೊಗೆ ಚದುರುವುದರೊಳಗೆ ಮತ್ತೆ ಕೆಳಗಿಳಿಯುತ್ತಿದ್ದವು. ಆಗಲೇ ಒಂದು ಕ್ರೇನ್ ತಂದು ನಿಲ್ಲಿಸಿದ್ದರು. ಚಾಲಕ ಕೊಕ್ಕೆಯನ್ನು ಎಮ್ಮೆಯ ನೆತ್ತಿಯ ಮೇಲಕ್ಕೆ ಇಳಿಸಿ ಸುಮ್ಮನೆ ಕೂತಿದ್ದ. ಕೊಕ್ಕೆಗೂ ಎಮ್ಮೆಗೂ ನಡುವೆ ಒಂದು ಮಾರು. ಆ ಒಂದು ಮಾರಿನಲ್ಲಿ ಕೈಯಿಟ್ಟು ಹಗ್ಗ ಕಟ್ಟುವವರು ಯಾರೂ ಇರಲಿಲ್ಲ. ಕ್ರೇನಿನವನು ಅದು ತನ್ನ ಕೆಲಸವಲ್ಲ ಎಂದ. ಕಾವಲಿನವನು ಸ್ನಾನ ಮಾಡಿ ಬಂದಿದ್ದೇನೆ ಎಂದ. ಪೇದೆಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉದ್ಘಾಟನೆಗೆ ಬಂದ ಪತ್ರಿಕೆಯವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಕ್ಯಾಮೆರಾ ಹಿಡಿದು ನಿಂತಿದ್ದರು.

ಹಗ್ಗದಕ್ಕ ಎಮ್ಮೆಯ ಪಕ್ಕದಲ್ಲಿ ಹಗ್ಗ ಇಟ್ಟು ಕೂತಳು. ಅತ್ತೆ ಅವಳ ಪಕ್ಕ ಕೂತಳು.

ಇನ್‌ಸ್ಪೆಕ್ಟರ್ ದಾಪುಗಾಲು ಹಾಕಿ ಬಂದವನು ದೂರದಲ್ಲೇ ನಿಂತ. "ಇದೇನೇ ನಾಟಕ? ಎತ್ತು."

"ಸರದಿ ನನ್ನ ಗಂಡಂದು. ಅವನು ಗಂಟು ಹಾಕ್ಬೇಕು."

"ನೀನೇ ಹಾಕು."

"ನಾನು ಹಾಕಿದ್ರೆ ಅವನು ಸತ್ತ ಹಾಗೆ ಸಾಮಿ."

"ಹಾಗಾದ್ರೆ ಸತ್ತ ಅಂತಾನೇ ಅಂದ್ಕೋ."

ಅತ್ತೆ ಕತ್ತೆತ್ತಿ, ಬಿಸಿಲಿಗೆ ಕೈ ಅಡ್ಡ ಹಿಡಿದು ಇನ್‌ಸ್ಪೆಕ್ಟರನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹೆತ್ತವಳು ಇಲ್ಲೇ ಕೂತಿದೀನಿ ಕಣೋ ಮುಂಡೇಮಗನೇ," ಎಂದಳು. ದನಿ ಏರಿಸಲಿಲ್ಲ, ಮನೆಯ ಹುಡುಗನನ್ನು ಬೈದಂತೆ ಬೈದಳು. "ನಿನ್ನ ನಾಲಿಗೆ ಬಿದ್ದುಹೋಗ."

ಇನ್‌ಸ್ಪೆಕ್ಟರನ ಕೈ ಲಾಠಿಗೆ ಹೋಯಿತು, ಕ್ಯಾಮೆರಾ ಕಂಡು ಹಿಂದಕ್ಕೆ ಬಂತು. ಅವನು ಗಂಡಸರ ಕಡೆಗೆ ತಿರುಗಿ ಚಿಕ್ಕೋನನ್ನು ಹತ್ತಿರ ಕರೆದ.

"ಮೊನ್ನೆ ಎತ್ತು ಸುಲಿದವನು ನೀನೇ ಅಂತ ನನಗೆ ಗೊತ್ತು ಕಣೋ. ನಿಮ್ಮಣ್ಣ ಹೇಳಿದ್ದು ಸುಳ್ಳು. ಸುಮ್ನೆ ಹೋಗಿ ಹಗ್ಗ ಕಟ್ಟು. ಇಲ್ಲಾಂದ್ರೆ ಅವನ ಪಕ್ಕದಲ್ಲಿ ನಿನಗೂ ಜಾಗ ಇದೆ."

ಚಿಕ್ಕೋನ ಮುಖ ಬಿಳಿಚಿಕೊಂಡಿತು. ಅವನು ಒಂದೊಂದೇ ಹೆಜ್ಜೆ ಇಡುತ್ತ ಎಮ್ಮೆಯ ಬಳಿಗೆ ಬಂದು ಹಗ್ಗದ ತುದಿ ಕೈಗೆತ್ತಿಕೊಂಡ. ಹಗ್ಗದಕ್ಕನಿಗೆ ತಡೆಯಬೇಕೆನ್ನಿಸಿತು, ಕೊರಳಪಟ್ಟಿ ಹಿಡಿದು ಕೇಳಬೇಕೆನ್ನಿಸಿತು, ಆದರೆ ಕೂತಲ್ಲಿಂದ ಏಳಲಿಲ್ಲ. ಊಟದ ಡಬ್ಬಿ ಇನ್ನೂ ಅವಳ ಸೆರಗಿನಲ್ಲೇ ಇತ್ತು.

"ಅಣ್ಣ ಊಟ ಮಾಡಿದ್ನಾ ಅತ್ತಿಗೆ?" ಎಂದ ಚಿಕ್ಕೋನು, ಬಗ್ಗಿಕೊಂಡೇ.

"ಇಲ್ಲಪ್ಪ. ಮೆಟ್ಲು ಹತ್ತೋಕೂ ಬಿಡ್ಲಿಲ್ಲ."

ಅವನು ಹಗ್ಗ ಕೆಳಗಿಟ್ಟ. ಇಟ್ಟು, ಅಮ್ಮನ ಮಗ್ಗುಲಲ್ಲಿ ಕೂತುಬಿಟ್ಟ. "ನನ್ನ ಸರದಿ ಮೊನ್ನೆ ಆಗೋಯ್ತು ಸಾರ್," ಎಂದ. "ಇದು ಅಣ್ಣಂದು." ಹಿಂದೆ ನಿಂತಿದ್ದ ಗಂಡಸರಲ್ಲಿ ಒಬ್ಬ ಬಂದು ಕೂತ, ಮತ್ತೊಬ್ಬ ಕೂತ. ಆಗ ಕೇರಿಗೆ ಕೇರಿಯೇ ಎಮ್ಮೆಯ ಸುತ್ತ ಕೂತಿತು.

ವಿಮಾನದ ಸದ್ದು ಕೇಳಿಸಿದ್ದು ಆಗಲೇ. ಎಲ್ಲರೂ ತಲೆ ಎತ್ತಿದರು. ಬಿಳಿಯ ವಿಮಾನ ತಗ್ಗಿಗೆ ಬಂತು, ಹದ್ದುಗಳ ಹಿಂಡು ಕಂಡು ಮೂತಿ ಎತ್ತಿ ಮೇಲೇರಿತು. ದೂರಕ್ಕೆ ಹೋಗಿ ತಿರುಗಿ ಬಂತು, ಮತ್ತೆ ಮೇಲೇರಿತು. ಮ್ಯಾನೇಜರ್ ಓಡೋಡಿ ಬಂದ. ಈಗ ಕಾರೂ ಇಲ್ಲ, ಗಾಜೂ ಇಲ್ಲ. ಬೆವರು ಧಾರಾಕಾರ ಸುರಿಯುತ್ತಿತ್ತು.

"ಇಳಿಯೋಕಾಗ್ತಿಲ್ಲ ಸಾರ್," ಎಂದ ಇನ್‌ಸ್ಪೆಕ್ಟರನಿಗೆ. "ಸ್ವಲ್ಪ ಹೊತ್ತು ಸುತ್ತಿ ವಾಪಸ್ ಹೋಗ್ತೀವಿ ಅಂತಿದಾರೆ. ನನ್ನ ಕೆಲಸ ಹೋಗುತ್ತೆ, ನಿಮ್ಮದೂ ಉಳಿಯಲ್ಲ. ಆ ಮನುಷ್ಯನನ್ನ ಕರೆಸಿಬಿಡಿ, ನಿಮ್ಮ ದಮ್ಮಯ್ಯ."

ಇನ್‌ಸ್ಪೆಕ್ಟರ್ ಹಲ್ಲು ಕಡಿದ. ಹಗ್ಗದಕ್ಕನಿಗೆ ಬೆರಳು ತೋರಿಸಿ ಹೇಳಿದ, "ಕರೆಸ್ತೀನಿ. ಬಂದು ಗಂಟು ಹಾಕ್ತಾನೆ. ತಕ್ಷಣ ಎತ್ತಬೇಕು."

"ಬಿಟ್ಟುಬಿಡ್ತೀರಲ್ಲ ಸಾಮಿ? ಮನೆಗೆ ಕಳಿಸ್ತೀರಲ್ಲ?"

"ಬಿಡ್ತೀನಿ ಅಂದ್ನಲ್ಲ."

ಅವನು ಅಂದಿರಲಿಲ್ಲ. ಈಗ ಅಂದ. ಪತ್ರಿಕೆಯವರು ಕೇಳಿಸಿಕೊಂಡರು, ಕೇರಿಯವರೂ ಕೇಳಿಸಿಕೊಂಡರು. ಹಗ್ಗದಕ್ಕ ಸೆರಗಿನಿಂದ ಡಬ್ಬಿ ಬಿಡಿಸಿ ಅತ್ತೆಯ ಮಡಿಲಲ್ಲಿಟ್ಟಳು.

ಜೀಪು ಬಂತು. ಉದ್ದಣ್ಣ ಇಳಿದ. ಎಡಗಣ್ಣು ಮುಚ್ಚಿಹೋಗಿತ್ತು, ತುಟಿ ಒಡೆದಿತ್ತು. ಬಲಗೈಗೆ ಬೇಡಿ. ಬೇಡಿಯಿಂದ ಹೊರಟ ಸರಪಳಿಯ ಇನ್ನೊಂದು ತುದಿ ಬೆಳಗಿನ ಪೇದೆಯ ಸೊಂಟದ ಪಟ್ಟಿಗೆ ಸಿಕ್ಕಿಸಿದ್ದರು. ಅಮ್ಮನನ್ನು, ತಮ್ಮನನ್ನು, ಹೆಂಡತಿಯನ್ನು ಉದ್ದಣ್ಣ ಒಂದೇ ಕಣ್ಣಿನಲ್ಲಿ ನೋಡಿದ. ಆಮೇಲೆ ಎಮ್ಮೆಯನ್ನು ನೋಡಿದ.

"ಗಬ್ಬವಾಗಿತ್ತು," ಎಂದ. ಅಷ್ಟೇ ಅವನು ಆಡಿದ ಮಾತು.

ಮೊಣಕಾಲೂರಿ ಹಿಂಗಾಲಿಗೆ ಹಗ್ಗ ಸುತ್ತಿದ. ಅವನು ಬಗ್ಗಿದಾಗ ಪೇದೆಯೂ ಬಗ್ಗಬೇಕಾಯಿತು. ಪೇದೆ ಮುಖ ಆ ಕಡೆ ತಿರುಗಿಸಿ ಉಸಿರು ಬಿಗಿಹಿಡಿದ. ಉದ್ದಣ್ಣ ಎಳೆದು ಬಿಗಿದ. ಗಂಟು ಬಿತ್ತು. ಎಮ್ಮೆ ಆ ಮನೆಯದಾಯಿತು.

"ಆಯ್ತಲ್ಲ?" ಎಂದ ಇನ್‌ಸ್ಪೆಕ್ಟರ್. "ಏಯ್, ನೀವೆಲ್ಲ ಎಳೀರಿ. ಇವನನ್ನ ಜೀಪಿಗೆ ಹತ್ತಿಸು."

ಹಗ್ಗದಕ್ಕನಿಗೆ ಮೊದಲು ಅರ್ಥವಾಗಲಿಲ್ಲ. "ಬಿಡ್ತೀನಿ ಅಂದ್ರಲ್ಲ ಸಾಮಿ."

"ಬಿಡ್ತೀನಿ ಅಂದೆ. ಇವತ್ತೇ ಬಿಡ್ತೀನಿ ಅಂದ್ನಾ? ವಿಮಾನದ ಕೇಸು ಕಣೇ ಇದು, ಕೋಳಿ ಕಳ್ಳತನ ಅಲ್ಲ. ಹತ್ತಿಸೋ ಅವನನ್ನ."

ಪೇದೆ ಸರಪಳಿ ಜಗ್ಗಿದ. ಉದ್ದಣ್ಣ ಮುಗ್ಗರಿಸಿದ. ಅಷ್ಟು ಹೊತ್ತು ಸಾಮಿ ಸಾಮಿ ಎನ್ನುತ್ತಿದ್ದ ಹಗ್ಗದಕ್ಕನೊಳಗೆ ಏನೋ ಕಡಿದುಬಿತ್ತು. ಅಳು ಬರುತ್ತದೆಂದು ಅವಳೇ ಅಂದುಕೊಂಡಿದ್ದಳು, ಬರಲಿಲ್ಲ. ಕೆಟ್ಟ ಸಿಟ್ಟು ಬಂತು. ಗೋಣಿತಾಟು ಬಿಚ್ಚಿದಳು, ಉದ್ದನೆಯ ಚೂರಿ ಆರಿಸಿಕೊಂಡಳು.

"ಏಯ್, ಏನು ಮಾಡ್ತಿದೀಯಾ?" ಎಂದ ಇನ್‌ಸ್ಪೆಕ್ಟರ್.

"ಗಂಟು ಬಿತ್ತಲ್ಲ. ಎಮ್ಮೆ ನಮ್ದು. ಸುಲೀತೀನಿ."

"ಇಲ್ಲಿ?"

"ಎಲ್ಲಿ ಮತ್ತೆ? ಜಾಗ ತೋರಿಸಿ, ಅಲ್ಲಿಗೆ ಒಯ್ತೀನಿ."

ಇನ್‌ಸ್ಪೆಕ್ಟರ್ ಮ್ಯಾನೇಜರನ ಕಡೆ ನೋಡಿದ. ಮ್ಯಾನೇಜರ್ ಗೋಡೆಯಾಚೆಗೆ ನೋಡಿದ. ಯಾರೂ ಜಾಗ ತೋರಿಸಲಿಲ್ಲ. ಹಗ್ಗದಕ್ಕ ಎಮ್ಮೆಯ ಹೊಟ್ಟೆಗೆ ಚೂರಿ ಹಾಕಿ ಉದ್ದಕ್ಕೆ ಸೀಳಿದಳು.

ಒಳಗೆ ತುಂಬಿದ್ದ ಗಾಳಿ ಬುಸ್ಸೆಂದು ಹೊರಬಂತು. ಆ ನಾತಕ್ಕೆ ಪತ್ರಿಕೆಯವರು, ಕಾವಲಿನವರು, ಮ್ಯಾನೇಜರ್ ಎಲ್ಲರೂ ದಡಬಡ ಹಿಂದಕ್ಕೆ ಓಡಿದರು. ಕ್ರೇನಿನವನು ಇಳಿದು ಗೋಡೆಯ ಪಕ್ಕದಲ್ಲಿ ವಾಂತಿ ಮಾಡಿಕೊಂಡ. ಕೇರಿಯವರಲ್ಲಿ ಒಬ್ಬರೂ ಅಲುಗಲಿಲ್ಲ. ಅವರಿಗೆ ಅದು ದಿನದ ಗಾಳಿ.

"ಹಿಡೀರೋ ಅವಳನ್ನ," ಎಂದ ಇನ್‌ಸ್ಪೆಕ್ಟರ್.

ಯಾರು ಹಿಡಿಯಬೇಕು? ಅವಳ ಮೊಣಕೈವರೆಗೂ ರಕ್ತ, ಸಗಣಿ. ಒಬ್ಬ ಪೇದೆ ದೂರದಿಂದ ಲಾಠಿ ಚಾಚಿ ತಿವಿಯಲು ನೋಡಿದ. ಅದರ ತುದಿ ಕರುಳಿನಲ್ಲಿ ಜಾರಿ ಮೆತ್ತಿಕೊಂಡಿತು, ಅವನು ಲಾಠಿಯನ್ನೇ ಬಿಟ್ಟು ಕೈ ಒರೆಸಿಕೊಂಡ. ಮತ್ತೊಬ್ಬ ಎರಡು ಹೆಜ್ಜೆ ಮುಂದಿಟ್ಟು ನಿಂತ.

"ಬನ್ರೋ," ಎಂದಳು ಹಗ್ಗದಕ್ಕ, ಚೂರಿ ನಿಲ್ಲಿಸದೆ. "ಮುಟ್ರೋ. ಮುಟ್ಟಿದ್ರೆ ತಾನೇ ಹಿಡಿಯೋಕಾಗೋದು?"

ಆಗ ಉದ್ದಣ್ಣ ಜೀಪಿನ ಮೆಟ್ಟಿಲಿಂದ ಕಾಲು ಕೆಳಗಿಟ್ಟ. ಓಡಲಿಲ್ಲ. ಕೆಲಸಕ್ಕೆ ಹೊರಟವನ ಹಾಗೆ ಎಮ್ಮೆಯ ಕಡೆ ನಡೆದ. ಪೇದೆ ಎಳೆದ, ಉದ್ದಣ್ಣ ಅವನಿಗಿಂತ ಗಟ್ಟಿ. ಸರಪಳಿ ಬಿಗಿಯಾಯಿತು, ಪೇದೆಯ ಪಾಲಿಶ್ ಬೂಟು ಡಾಂಬರಿನ ಮೇಲೆ ಜರ್ರನೆ ಜಾರಿತು. ಉದ್ದಣ್ಣ ಹೆಂಡತಿಯ ಎದುರಿಗೆ ಕೂತು, ಬೇಡಿಯ ಕೈಯನ್ನೂ ಬರಿಗೈಯನ್ನೂ ಒಟ್ಟಿಗೇ ಎಮ್ಮೆಯ ಹೊಟ್ಟೆಯೊಳಕ್ಕೆ ತೋಳಿನವರೆಗೂ ತೂರಿಸಿದ. ಸರಪಳಿ ಅವನ ಜೊತೆ ಒಳಕ್ಕೆ ಹೋಯಿತು. ಪೇದೆ ಮೊಣಕಾಲ ಮೇಲೆ ಬಿದ್ದ. ಸೀಳಿಗೂ ಅವನ ಮೂತಿಗೂ ಒಂದು ಗೇಣು.

"ಸಾರ್," ಎಂದ ಪೇದೆ. "ಸಾರ್, ಆಗಲ್ಲ ಸಾರ್."

"ಬಿಡಬೇಡ ಕಣೋ ಬೋಳಿಮಗನೇ," ಎಂದು ಇನ್‌ಸ್ಪೆಕ್ಟರ್ ದೂರದಿಂದ ಕೂಗಿದ.

ಉದ್ದಣ್ಣ ಇನ್ನೊಂದು ಚೂರು ಒಳಕ್ಕೆ ಎಳೆದುಕೊಂಡ. ಪೇದೆ ಸೊಂಟಕ್ಕೆ ಕೈಹಾಕಿ, ಪಟ್ಟಿಯ ಕೊಕ್ಕೆ ಕಳಚಿ, ಅಂಬೆಗಾಲಿಕ್ಕುತ್ತ ಹಿಂದಕ್ಕೆ ಹೋದ.

ಮೇಲೆ ವಿಮಾನ ಕೊನೆಯ ಸುತ್ತು ಹಾಕಿ, ಬಂದ ದಿಕ್ಕಿಗೇ ತಿರುಗಿತು. ಸದ್ದು ಕರಗಿಹೋಯಿತು. ಹದ್ದುಗಳು ಗೋಡೆಯ ಮೇಲೆ, ಬೋರ್ಡುಗಳ ಮೇಲೆ, ಕ್ರೇನಿನ ತೋಳಿನ ಮೇಲೆ ಬಂದು ಕೂತವು. ಠಾಣೆಯಿಂದ ಇನ್ನೊಂದು ವ್ಯಾನು ಹೊರಟಿದೆ ಎಂದು ಯಾರೋ ಹೇಳಿದರು. ಚಿಕ್ಕೋನು ಇನ್ನೊಂದು ಚೂರಿ ತೆಗೆದುಕೊಂಡು ಎಮ್ಮೆಯ ಕೊರಳ ಬಳಿ ಕೂತ.

"ಯಾರಾದ್ರೂ ಆ ಸರಪಳಿ ಹಿಡ್ಕೊಳ್ರೋ," ಎಂದು ಇನ್‌ಸ್ಪೆಕ್ಟರ್ ಅರಚುತ್ತಿದ್ದ. ಸರಪಳಿ ಹೊಲಸಿನಲ್ಲಿ ಉದ್ದಕ್ಕೆ ಬಿದ್ದಿತ್ತು. ಅಂಥದ್ದನ್ನು ಎತ್ತಲು ಅವರು ಯಾವತ್ತೂ ಯಾರನ್ನು ಕರೆಯುತ್ತಿದ್ದರೋ ಅವರು ಆಗ ಎಮ್ಮೆ ಸುಲಿಯುತ್ತಿದ್ದರು.